ಮೈನಸ್ 30ರಲ್ಲೂ ಬದುಕುವ ಹೂದೋಟ

ಮೊದಲ ವರ್ಷ ನಾನು ಜೀವ ಇರುವ ಗಿಡವನ್ನೇ ಕಿತ್ತು ಹಾಕಿದೆ.

ಮೇ ತಿಂಗಳ ಕೊನೆ. ಅಕ್ಕಪಕ್ಕದ ಮನೆಗಳಲ್ಲಿ ಟ್ಯೂಲಿಪ್ ಮುಗಿದು ಲೈಲಾಕ್ ಅರಳಿತ್ತು. ನನ್ನ ಪಾತಿಯಲ್ಲಿ ಮಾತ್ರ ನಾಲ್ಕು ಒಣ ಕಡ್ಡಿ. ಹಿಂದಿನ ಬೇಸಿಗೆಯಲ್ಲಿ ಆಸೆಪಟ್ಟು ತಂದಿದ್ದ ದಾಸವಾಳ ಅದು. ಇನ್ನೆಲ್ಲಿ ಬರುತ್ತೆ ಅಂತ ಸಲಿಕೆ ಹಾಕಿ ಮೀಟಿದೆ. ಬುಡ ಎರಡು ಹೋಳಾಗಿ ಮೇಲೆ ಬಂತು. ಆಮೇಲೆ ಕಣ್ಣಿಗೆ ಬಿತ್ತು: ಕಡ್ಡಿಗಳ ಬುಡದಲ್ಲಿ, ಮಣ್ಣಿನ ಮೇಲ್ಮೈಯಿಂದ ಅರ್ಧ ಇಂಚು ಕೆಳಗೆ, ಜೋಳದ ಕಾಳಿನಷ್ಟು ದಪ್ಪದ ಕೆಂಪು ಮೊಳಕೆಗಳು ಸಾಲಾಗಿ ಕೂತಿದ್ದವು. ಇನ್ನೊಂದು ಹತ್ತು ದಿನ ಸುಮ್ನೆ ಇದ್ದಿದ್ದರೆ ಅವೇ ಮೇಲೆ ಬರುತ್ತಿದ್ದವು.

ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್ ಪಕ್ಕದ ಊರಿನಲ್ಲಿ, ಈಗ ಹನ್ನೊಂದು ಚಳಿಗಾಲ ಕಳೆದಿದ್ದೇನೆ. ಸತ್ತ ಗಿಡಗಳ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದರಲ್ಲಿ ಬರೀ ಚಳಿಗೆ ಸತ್ತವು ಕಡಿಮೆ. ಬುಡದಲ್ಲಿ ನಿಂತ ನೀರು, ಮೊಲ, ಮಾರ್ಚ್ ತಿಂಗಳ ಬಿಸಿಲು, ಅಂಗಡಿಯಲ್ಲಿ ಮರುಳಾಗಿ ತಂದ ತಪ್ಪು ಗಿಡ, ನನ್ನ ಅವಸರ, ಇವುಗಳಿಂದ ಸತ್ತವೇ ಜಾಸ್ತಿ. ಹೊಸದಾಗಿ ಇಂಥ ಚಳಿ ಊರಿಗೆ ಬಂದು, ಮನೆ ಮುಂದೆ ನಾಲ್ಕು ಹೂಗಿಡ ಇರಲಿ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕರಿಬೇವು, ತುಳಸಿ, ದುಂಡುಮಲ್ಲಿಗೆ ಮನೆಯೊಳಗೆ ಕಿಟಕಿ ಪಕ್ಕ ಇರಲಿ. ಅವು ಈ ಲೇಖನಕ್ಕೆ ಸೇರಿದವಲ್ಲ. ಇಲ್ಲಿ ಹೇಳುವುದು ವರ್ಷಪೂರ್ತಿ ಹೊರಗೇ ಇದ್ದು, ಹಿಮದಡಿ ಮಲಗಿ, ಮತ್ತೆ ಎದ್ದು ಬರುವ ಗಿಡಗಳ ವಿಷಯ.

ಹಂತ 1: ನಿಮ್ಮ ಝೋನ್ ತಿಳಿದುಕೊಳ್ಳಿ

ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು 13 ಝೋನ್‌ಗಳಾಗಿ ಹಂಚಿ ನಕ್ಷೆ ಮಾಡಿದೆ. ಪ್ರತಿ ವರ್ಷದ ಅತ್ಯಂತ ಚಳಿಯ ರಾತ್ರಿಯ ತಾಪಮಾನ ತೆಗೆದುಕೊಂಡು, 30 ವರ್ಷಗಳ ಸರಾಸರಿ ಹಾಕಿದ ನಕ್ಷೆ ಅದು. ಒಂದೊಂದು ಝೋನ್ 10 ಡಿಗ್ರಿ ಫ್ಯಾರನ್‌ಹೀಟ್ ಅಗಲ. ಅದರಲ್ಲಿ ಮತ್ತೆ ಎ, ಬಿ ಅಂತ ಅರ್ಧರ್ಧ. ನಂಬರ್ ಚಿಕ್ಕದಾದಷ್ಟೂ ಚಳಿ ಜಾಸ್ತಿ. ಗಿಡದ ಚೀಟಿಯಲ್ಲಿರುವ ನಂಬರ್ ಅಂದರೆ ಅದು ತಡೆಯಬಲ್ಲ ಅತಿ ಚಳಿಯ ಝೋನ್. 4ಬಿ ಅಂದರೆ ಮೈನಸ್ 25ರಿಂದ ಮೈನಸ್ 20 ಫ್ಯಾರನ್‌ಹೀಟ್. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು ಮೈನಸ್ 32ರಿಂದ ಮೈನಸ್ 29. ಇಲಾಖೆಯ ವೆಬ್‌ಸೈಟಿನಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಹಾಕಿದರೆ ನಿಮ್ಮ ಝೋನ್ ಬರುತ್ತದೆ.

2023ರಲ್ಲಿ ಹೊಸ ನಕ್ಷೆ ಬಂತು. ಮಿನಿಯಾಪೊಲಿಸ್ ಸುತ್ತಮುತ್ತ 4ಬಿ ಇದ್ದ ಎಷ್ಟೋ ಜಾಗ 5ಎ ಆಯಿತು. ಖುಷಿಪಟ್ಟು ಝೋನ್ 5ರ ಗಿಡ ತರಲು ಓಡಬೇಡಿ. ಅದು ಸರಾಸರಿ ಅನ್ನುವುದು ನೆನಪಿರಲಿ. 2019ರ ಜನವರಿ 30ರಂದು ಇಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಆಗಿತ್ತು. ಹತ್ತು ವರ್ಷ ಚೆನ್ನಾಗಿ ಬೆಳೆದ ಪೊದೆ ಸಾಯಲು ಅಂಥ ಒಂದು ರಾತ್ರಿ ಸಾಕು. ದುಬಾರಿ ಮರ, ಪೊದೆ ಕೊಳ್ಳುವಾಗ ನಾನು ಈಗಲೂ ಝೋನ್ 4 ಅಥವಾ 3 ಅಂತ ಇದ್ದರೆ ಮಾತ್ರ ದುಡ್ಡು ಕೊಡುತ್ತೇನೆ. ಮೂರ್ನಾಲ್ಕು ಡಾಲರಿನ ಗಿಡವಾದರೆ ಜೂಜಾಡಬಹುದು.

ಕೆನಡಾದಲ್ಲಿರುವವರಿಗೆ ಒಂದು ಮಾತು. ಅಲ್ಲಿನ ಸರ್ಕಾರದ ನಕ್ಷೆ ಬೇರೆ. ಅದು ಹಿಮದ ದಪ್ಪ, ಗಾಳಿ, ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಲ್ಲಿನ 4, ಇಲ್ಲಿನ 4 ಒಂದೇ ಅಂತ ತಿಳಿಯಬೇಡಿ.

ಗಿಡದ ಚೀಟಿಯನ್ನು ಅಂಗಡಿಯಲ್ಲೇ ತಿರುಗಿಸಿ ಓದಿ. ನಾನು ಒಮ್ಮೆ ದೊಡ್ಡ ಅಂಗಡಿಯೊಂದರಿಂದ ಮೂರು ಸೊಗಸಾದ ಪೊದೆ ತಂದೆ. ಚೀಟಿಯಲ್ಲಿ 'ಪೆರೆನಿಯಲ್' ಅಂತ ದಪ್ಪಕ್ಷರ. ಹಿಂಬದಿ ಸಣ್ಣಕ್ಷರದಲ್ಲಿ ಝೋನ್ 6. ಏಪ್ರಿಲ್‌ನಲ್ಲಿ ಮೂರೂ ಪೊರಕೆ ಕಡ್ಡಿ. ಪೆರೆನಿಯಲ್ ಅಂದರೆ ವರ್ಷ ವರ್ಷ ಬರುವ ಗಿಡ ನಿಜ, ಆದರೆ ಎಲ್ಲಿ ಬರುತ್ತೆ ಅನ್ನುವುದನ್ನು ಝೋನ್ ನಂಬರೇ ಹೇಳಬೇಕು.

ಕುಂಡದಲ್ಲಿ ಬೆಳೆಸುವುದಾದರೆ ಲೆಕ್ಕ ಇನ್ನೂ ಬಿಗಿ. ನೆಲದಲ್ಲಿರುವ ಬೇರಿಗೆ ಸುತ್ತಲೂ ಮಣ್ಣಿನ ಆಸರೆ ಇರುತ್ತದೆ. ಕುಂಡದ ಬೇರಿಗೆ ಅದಿಲ್ಲ, ನಾಲ್ಕೂ ಕಡೆಯಿಂದ ಚಳಿ ನುಗ್ಗುತ್ತದೆ. ನಿಮ್ಮದು 4 ಆದರೆ ಕುಂಡಕ್ಕೆ ಝೋನ್ 2ರ ಗಿಡ ಬೇಕು. ಇಲ್ಲವೇ ಅಕ್ಟೋಬರ್‌ನಲ್ಲಿ ಕುಂಡ ಸಮೇತ ನೆಲದಲ್ಲಿ ಹೂತುಬಿಡಿ.

ಹಂತ 2: ಗಿಡ ಹೇಗೆ ಮಲಗುತ್ತದೆ ಅಂತ ನೋಡಿ

ಇದು ಗೊತ್ತಾದರೆ ಅರ್ಧ ತಪ್ಪು ತಾನಾಗಿ ನಿಲ್ಲುತ್ತದೆ. ಆಗಸ್ಟ್‌ನಿಂದ ಹಗಲು ಕಿರಿದಾಗುತ್ತಿದ್ದ ಹಾಗೆ ಈ ಗಿಡಗಳು ತಯಾರಿ ಶುರು ಮಾಡುತ್ತವೆ. ಹೊಸ ಚಿಗುರು ನಿಲ್ಲಿಸುತ್ತವೆ. ಜೀವಕೋಶದೊಳಗಿನ ನೀರನ್ನು ಹೊರಗೆ ಬಿಟ್ಟು, ಒಳಗೆ ಸಕ್ಕರೆ ಅಂಶ ಗಟ್ಟಿ ಮಾಡಿಕೊಳ್ಳುತ್ತವೆ. ಆಗ ಮಂಜುಗಡ್ಡೆ ಕೋಶಗಳ ನಡುವಿನ ಜಾಗದಲ್ಲಿ ಕಟ್ಟುತ್ತದೆ, ಕೋಶ ಒಡೆಯುವುದಿಲ್ಲ. ಪಾಕ ಗಟ್ಟಿ ಇದ್ದಷ್ಟೂ ಹೆಪ್ಪುಗಟ್ಟುವುದು ತಡ, ಅಡುಗೆಮನೆಯಲ್ಲಿ ನೋಡಿಲ್ವಾ?

ಈ ತಯಾರಿಗೆ ಆರೆಂಟು ವಾರ ಬೇಕು. ಅದರ ನಡುವೆ ನಾವು ಗೊಬ್ಬರ ಸುರಿದರೆ ಗಿಡ ಮತ್ತೆ ಚಿಗುರಲು ಹೊರಡುತ್ತದೆ. ಆ ಎಳೆ ಚಿಗುರು ಮೊದಲ ಚಳಿಗೇ ಕಪ್ಪಾಗುತ್ತದೆ. ಅದಕ್ಕೇ ಜುಲೈ ಮುಗಿದ ಮೇಲೆ ನೈಟ್ರೋಜನ್ ಗೊಬ್ಬರ ಹಾಕಬೇಡಿ. ಆಗಸ್ಟ್ ಮಧ್ಯದ ನಂತರ ಪೊದೆಗಳನ್ನು ಕತ್ತರಿಸಬೇಡಿ. ಕತ್ತರಿಸಿದರೂ ಗಿಡ ಚಿಗುರಲು ಹೊರಡುತ್ತದೆ.

ಇನ್ನು ಹಿಮ. ನಾವು ಹೊಸದಾಗಿ ಬಂದವರು ಹಿಮ ನೋಡಿ ಅಯ್ಯೋ ಪಾಪ ಗಿಡ ಅಂದುಕೊಳ್ಳುತ್ತೇವೆ. ಗಿಡಕ್ಕೆ ಅದು ಕಂಬಳಿ. ಒಂದಡಿ ಪುಡಿ ಹಿಮ ಇದ್ದರೆ ಹೊರಗೆ ಮೈನಸ್ 20 ಇದ್ದರೂ ಕೆಳಗಿನ ಮಣ್ಣು ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲೇ ಇರುತ್ತದೆ. ತೊಂದರೆ ಇರುವುದು ಹಿಮ ಬೀಳದೆ ಬರೀ ಚಳಿ ಬೀಳುವ ಡಿಸೆಂಬರ್‌ನಲ್ಲಿ. ಕಾಲುದಾರಿ ಚೊಕ್ಕ ಮಾಡುವಾಗ ಎತ್ತಿದ ಹಿಮವನ್ನು ಪಾತಿಯ ಮೇಲೆ ಹಾಕಿ, ಒಳ್ಳೆಯದೇ. ಉಪ್ಪು ಸೇರಿದ ಹಿಮ ಮಾತ್ರ ಬೇಡ.

ಹಂತ 3: ಜಾಗ ಮತ್ತು ಗುಂಡಿ

ಮಾರ್ಚ್ ಕೊನೆಯಲ್ಲಿ ಒಂದು ಸಲ ಮನೆ ಸುತ್ತಿ ಬನ್ನಿ. ಹಿಮ ಎಲ್ಲಿ ಮೊದಲು ಕರಗಿದೆ, ನೀರು ಎಲ್ಲಿ ಕೆರೆಯ ಹಾಗೆ ನಿಂತಿದೆ, ನೋಡಿಕೊಳ್ಳಿ. ನೀರು ನಿಲ್ಲುವ ಜಾಗದಲ್ಲಿ ಗಿಡದ ಬುಡ ಮಂಜುಗಡ್ಡೆಯೊಳಗೆ ಕೂತಿರುತ್ತದೆ. ಒಣ ಮಣ್ಣಿನಲ್ಲಿ ಮೈನಸ್ 30 ತಡೆಯುವ ಗಿಡ ಆ ಕೆಸರಿನಲ್ಲಿ ಮೈನಸ್ 10ಕ್ಕೇ ಕೊಳೆಯುತ್ತದೆ. ಅಲ್ಲಿ ಪಾತಿಯನ್ನು ಆರೆಂಟು ಇಂಚು ಏರಿಸಿ ಮಾಡಿ, ಅಥವಾ ತೇವ ಇಷ್ಟಪಡುವ ಗಿಡ ಹಾಕಿ.

ನೆಡಲು ಎರಡು ಕಾಲ. ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಒಂದು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಇನ್ನೊಂದು. ನೆಲ ಹೆಪ್ಪುಗಟ್ಟಲು ಆರು ವಾರ ಇರಬೇಕು, ಅಷ್ಟರಲ್ಲಿ ಬೇರು ಹಿಡಿಯಬೇಕು. ನನಗೆ ಎರಡನೆಯದೇ ಇಷ್ಟ. ಮಣ್ಣು ಬೆಚ್ಚಗಿರುತ್ತದೆ, ಬಿಸಿಲು ತಗ್ಗಿರುತ್ತದೆ, ನರ್ಸರಿಗಳಲ್ಲಿ ಅರ್ಧ ಬೆಲೆಯೂ ಇರುತ್ತದೆ.

ಗುಂಡಿ ತೋಡುವಾಗ ಊರಿನ ಅಭ್ಯಾಸದಿಂದ ಆಳಕ್ಕೆ ತೋಡುತ್ತೇವೆ. ಇಲ್ಲಿ ಅಗಲಕ್ಕೆ ತೋಡಿ. ಬೇರಿನ ಗಡ್ಡೆಗಿಂತ ಎರಡು ಮೂರು ಪಟ್ಟು ಅಗಲ, ಆಳ ಮಾತ್ರ ಗಡ್ಡೆಯಷ್ಟೇ. ಕುಂಡದಲ್ಲಿ ಬಹಳ ದಿನ ಇದ್ದ ಗಿಡವಾದರೆ ಬೇರುಗಳು ಸಿಂಬೆಯ ಹಾಗೆ ಸುತ್ತಿಕೊಂಡಿರುತ್ತವೆ. ಹಾಗೇ ನೆಟ್ಟರೆ ಅವು ಸುತ್ತುತ್ತಲೇ ಇರುತ್ತವೆ. ಚಾಕುವಿನಿಂದ ಮೂರು ನಾಲ್ಕು ಕಡೆ ಉದ್ದಕ್ಕೆ ಸೀಳಿ, ಬೆರಳಿನಿಂದ ಬಿಡಿಸಿ ನೆಡಿ. ಮರವಾದರೆ ಕಾಂಡ ಬುಡದಲ್ಲಿ ಅಗಲವಾಗುವ ಭಾಗ ಮಣ್ಣಿನ ಮೇಲೆ ಕಾಣಬೇಕು. ನೆಟ್ಟ ಮೇಲೆ ವಾರಕ್ಕೆ ಒಂದು ಇಂಚು ಮಳೆಯಷ್ಟು ನೀರು. ಮೊದಲ ವರ್ಷ ಇದರಲ್ಲಿ ಸೋಮಾರಿತನ ಬೇಡ.

ಹಂತ 4: ಗಿಡ ಆರಿಸುವುದು

ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮೂರಿನ ಸಸ್ಯೋದ್ಯಾನಕ್ಕೆ ಹೋಗಿ. ನಮಗೆ ಹತ್ತಿರದಲ್ಲೇ ಮಿನ್ನೆಸೋಟ ವಿಶ್ವವಿದ್ಯಾಲಯದ ಲ್ಯಾಂಡ್‌ಸ್ಕೇಪ್ ಆರ್ಬೊರೇಟಂ ಇದೆ, 1958ರಲ್ಲಿ ಶುರುವಾಗಿದ್ದು. ಅಲ್ಲಿ ಪ್ರತಿ ಗಿಡಕ್ಕೂ ಹೆಸರಿನ ಫಲಕ. ಇದೇ ಚಳಿಯಲ್ಲಿ ಅಷ್ಟು ವರ್ಷದಿಂದ ನಿಂತಿರುವ ಗಿಡ ಅಂದಮೇಲೆ ಅದಕ್ಕಿಂತ ಸಾಕ್ಷಿ ಬೇಕಾ? ಫೋಟೋ ತೆಗೆದುಕೊಂಡು ಬಂದು, ಅದನ್ನೇ ನರ್ಸರಿಯಲ್ಲಿ ಕೇಳಿ.

ನನ್ನ ಮನೆಯಲ್ಲಿ ಉಳಿದವುಗಳ ವಿಷಯ ಹೇಳುತ್ತೇನೆ. ಮೊದಲು ನಮ್ಮ ಕಡೆಯವರ ಮನಸ್ಸಿಗೆ ಹತ್ತಿರವಾದವು.

ದಾಸವಾಳ. ಊರಿನ ಕೆಂಪು ದಾಸವಾಳ ಇಲ್ಲಿ ಹೊರಗೆ ಬದುಕುವುದಿಲ್ಲ. ಆದರೆ ಅದರ ದಾಯಾದಿಯೊಂದು ಅಮೆರಿಕದ ಪೂರ್ವ ಭಾಗದ ಜೌಗು ನೆಲದ್ದು. ಅಂಗಡಿಯಲ್ಲಿ 'ಹಾರ್ಡಿ ಹೈಬಿಸ್ಕಸ್' ಅಂತ ಕೇಳಿ. ಝೋನ್ 4ರ ತಳಿಗಳಿವೆ. ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿ ಬುಡ ಮಾತ್ರ ಉಳಿಯುತ್ತದೆ. ಜೂನ್‌ನಲ್ಲಿ ಮೊಳೆತು, ಆಗಸ್ಟ್ ಹೊತ್ತಿಗೆ ನಾಲ್ಕಡಿ ಎತ್ತರ ಬಂದು ಹೂ ಬಿಡುತ್ತದೆ. ಹೂವಿನ ಅಗಲ ಎಂಟು ಇಂಚಿಗೆ ಕಡಿಮೆ ಇಲ್ಲ. ತೀರ್ಥಹಳ್ಳಿಯಿಂದ ಅಮ್ಮ ಬಂದಾಗ ಅದನ್ನು ಕಿತ್ತು ದೇವರ ಮುಂದೆ ತಂದರು. "ಇದೇನೋ ಇದು, ಊಟದ ತಟ್ಟೆ ಇದ್ದ ಹಾಗಿದೆ. ಇಟ್ಟರೆ ದೇವರೇ ಕಾಣಲ್ಲ ಕಣೋ" ಅಂದರು. ಕೊನೆಗೆ ಗಣಪತಿಯ ಬೆನ್ನ ಹಿಂದೆ ಪ್ರಭಾವಳಿಯ ಹಾಗೆ ಇಟ್ಟರು. ಒಂದೇ ದಿನದ ಹೂವು, ಸಂಜೆಗೆ ಮುದುಡುತ್ತದೆ. ಪೂರ್ತಿ ಬಿಸಿಲು, ಚೆನ್ನಾಗಿ ನೀರು ಬೇಕು. ಜುಲೈನಲ್ಲಿ ಜಪಾನೀಸ್ ಬೀಟಲ್ ಅನ್ನುವ ತಾಮ್ರ ಬಣ್ಣದ ಹುಳು ಬಂದು ಎಲೆಯನ್ನು ಜರಡಿ ಮಾಡುತ್ತದೆ. ಬೆಳಿಗ್ಗೆ ತಂಪಿನಲ್ಲಿ ಅವು ಮಂಕಾಗಿರುತ್ತವೆ. ಸೋಪಿನ ನೀರಿನ ಡಬ್ಬಿ ಕೆಳಗೆ ಹಿಡಿದು ಎಲೆ ಅಲ್ಲಾಡಿಸಿದರೆ ಬೀಳುತ್ತವೆ.

ಸೇವಂತಿಗೆ. ಸೆಪ್ಟೆಂಬರ್ ಬಂದರೆ ಪ್ರತಿ ಅಂಗಡಿಯ ಮುಂದೆ ಗುಂಡನೆಯ ಸೇವಂತಿಗೆ ಕುಂಡಗಳ ಸಾಲು. ಇಲ್ಲಿ ಅದಕ್ಕೆ 'ಮಮ್' ಅಂತಾರೆ. ನವರಾತ್ರಿಗೆ ಕೊಳ್ಳಿ, ಅಲಂಕಾರ ಮಾಡಿ. ನೆಟ್ಟು ಮುಂದಿನ ವರ್ಷಕ್ಕೆ ಕಾಯಬೇಡಿ, ಹೆಚ್ಚಿನವು ಉಳಿಯುವುದಿಲ್ಲ. ಹೂ ಬಿಡುವುದರಲ್ಲೇ ಶಕ್ತಿ ಮುಗಿದಿರುತ್ತದೆ, ಬೇರು ಹಿಡಿಯಲು ಸಮಯವೂ ಇರುವುದಿಲ್ಲ. ಉಳಿಯುವ ಸೇವಂತಿಗೆ ಬೇಕಾದರೆ ಮೇ ತಿಂಗಳಲ್ಲೇ ಸಸಿ ತನ್ನಿ. ಮಿನ್ನೆಸೋಟ ವಿಶ್ವವಿದ್ಯಾಲಯದವರು ದಶಕಗಳಿಂದ ಚಳಿ ತಡೆಯುವ ಸೇವಂತಿಗೆ ತಳಿ ಮಾಡುತ್ತಾ ಬಂದಿದ್ದಾರೆ. ಅವರ 'ಮ್ಯಾಮತ್' ಸಾಲಿನ ಗಿಡ ಎರಡು ಮೂರು ವರ್ಷಕ್ಕೆ ಮೂರಡಿ ಪೊದೆಯಾಗಿ ನೂರಾರು ಹೂ ಬಿಡುತ್ತದೆ. 'ಕ್ಲಾರಾ ಕರ್ಟಿಸ್' ಅನ್ನುವ ಗುಲಾಬಿ ಬಣ್ಣದ್ದೂ ಗಟ್ಟಿ. ಸಾಮಾನ್ಯ ಗಿಡ್ಡ ತಳಿಗಳಿಗೆ ಜುಲೈ ಮೊದಲ ವಾರದವರೆಗೆ ತುದಿ ಚಿವುಟುತ್ತಾ ಇರಿ. ಮ್ಯಾಮತ್‌ಗೆ ಅದೂ ಬೇಡ, ತಾನೇ ಗುಂಡಗಾಗುತ್ತದೆ. ಹೂ ಮುಗಿದ ಮೇಲೆ ಒಣ ಕಡ್ಡಿಗಳನ್ನು ಕತ್ತರಿಸದೆ ಹಾಗೇ ಬಿಡಿ. ಅವು ಹಿಮವನ್ನೂ ಎಲೆಯನ್ನೂ ಬುಡದಲ್ಲಿ ಹಿಡಿದಿಡುತ್ತವೆ. ಕತ್ತರಿ ಏಪ್ರಿಲ್‌ನಲ್ಲಿ.

ಮಲ್ಲಿಗೆಯ ಹಂಬಲಕ್ಕೆ ಇಲ್ಲಿ ಒಂದು ಮದ್ದಿದೆ: 'ಮಾಕ್ ಆರೆಂಜ್'. ಬಿಳಿ ಹೂವಿನ ಪೊದೆ. 'ಮಿನ್ನೆಸೋಟ ಸ್ನೋಫ್ಲೇಕ್' ತಳಿ ಎಸಳು ಎಸಳಾಗಿ ಅರಳುತ್ತದೆ. ಘಮ ಮಲ್ಲಿಗೆಯದಲ್ಲ, ಕಿತ್ತಳೆ ಹೂವಿನದಕ್ಕೆ ಹತ್ತಿರ. ಜೂನ್‌ನಲ್ಲಿ ಎರಡು ಮೂರು ವಾರ ಅಷ್ಟೇ. ಆದರೆ ಸಂಜೆ ಬಾಗಿಲು ತೆಗೆದರೆ ಒಂದು ಕ್ಷಣ ಎಲ್ಲಿದ್ದೇನೆ ಅಂತ ಮರೆಯುತ್ತದೆ. ಇದು ಹಿಂದಿನ ವರ್ಷದ ಕೊಂಬೆಯಲ್ಲಿ ಹೂ ಬಿಡುತ್ತದೆ. ಕತ್ತರಿಸುವುದಿದ್ದರೆ ಹೂ ಮುಗಿದ ತಕ್ಷಣ ಕತ್ತರಿಸಿ. ಲೈಲಾಕ್‌ಗೂ ಇದೇ ಮಾತು. ಲೈಲಾಕ್ ಬಗ್ಗೆ ಬೇರೇನೂ ಹೇಳಬೇಕಿಲ್ಲ. ಬಿಸಿಲಿಗೆ ನೆಟ್ಟು ಮರೆತುಬಿಡಿ, ಅದು ನಮಗಿಂತ ಜಾಸ್ತಿ ದಿನ ಇರುತ್ತದೆ.

ಪಿಯೋನಿ. ಒಂದೇ ಗಿಡ ಹಾಕುತ್ತೀನಿ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಚಳಿ ಇಲ್ಲದಿದ್ದರೆ ಇದು ಹೂವೇ ಬಿಡುವುದಿಲ್ಲ. ಒಮ್ಮೆ ನೆಲೆ ಕಂಡರೆ ಐವತ್ತು ವರ್ಷ ಅದೇ ಜಾಗದಲ್ಲಿರುತ್ತದೆ. ಸೆಪ್ಟೆಂಬರ್‌ನಲ್ಲಿ ಬರೀ ಬೇರಾಗಿ ಸಿಗುತ್ತದೆ. ಕೈಯಲ್ಲಿ ಹಿಡಿದರೆ ಮರಗೆಣಸಿನ ಗೊಂಚಲೊಂದರ ನೆನಪಾಗುತ್ತದೆ. ಅದರ ತಲೆಯಲ್ಲಿ ಗುಲಾಬಿ ಬಣ್ಣದ ಚೂಪು ಮೊಳಕೆಗಳಿರುತ್ತವೆ, ಅವೇ ಅದರ ಕಣ್ಣು. ಮೂರರಿಂದ ಐದು ಕಣ್ಣಿರುವ ಬೇರು ಆರಿಸಿ. ನೆಡುವಾಗ ಆ ಕಣ್ಣುಗಳ ಮೇಲೆ ಒಂದರಿಂದ ಎರಡು ಇಂಚು ಮಣ್ಣು ಮಾತ್ರ. ಎರಡು ಇಂಚು ದಾಟಿತೋ, ವರ್ಷಗಟ್ಟಲೆ ಬರೀ ಎಲೆ. ನಾನು ಗುಂಡಿಗೆ ಅಡ್ಡಲಾಗಿ ಸಲಿಕೆಯ ಹಿಡಿ ಇಟ್ಟು, ಅದರಿಂದ ಕೆಳಕ್ಕೆ ಸ್ಕೇಲ್ ಹಿಡಿದು ಅಳೆಯುತ್ತೇನೆ. ಮೆದು ಮಣ್ಣು ನೀರು ಹಾಕಿದ ಮೇಲೆ ಕುಸಿಯುತ್ತದೆ, ಅದಕ್ಕೇ ಬೇರಿನ ಅಡಿಯ ಮಣ್ಣನ್ನು ಮೊದಲೇ ತುಳಿದು ಗಟ್ಟಿ ಮಾಡಿಕೊಳ್ಳಿ. ಮೊದಲ ಎರಡು ವರ್ಷ ಹೂ ಬರದಿದ್ದರೆ ಬೇಜಾರು ಬೇಡ. ಮೊಗ್ಗಿನ ಮೇಲೆ ಇರುವೆ ಓಡಾಡುತ್ತವೆ, ಅಂಟು ಸಿಹಿ ನೆಕ್ಕಲು ಬಂದವು. ಇರುವೆ ಇದ್ದರೇನೇ ಅರಳುತ್ತೆ ಅಂತ ಕೆಲವರು ಹೇಳುತ್ತಾರೆ, ಸುಳ್ಳು. ಮದ್ದು ಹೊಡೆಯಲೂ ಬೇಡಿ, ಅವುಗಳಿಂದ ಹಾನಿ ಇಲ್ಲ. ಹೂವಿನ ಭಾರಕ್ಕೆ ದಂಟು ಮಲಗುತ್ತದೆ. ಮೇ ಮೊದಲ ವಾರವೇ ತಂತಿಯ ಬಳೆ ಸುತ್ತ ನಿಲ್ಲಿಸಿ. ಅಕ್ಟೋಬರ್‌ನಲ್ಲಿ ದಂಟನ್ನು ನೆಲಮಟ್ಟಕ್ಕೆ ಕತ್ತರಿಸಿ ತೆಗೆದುಬಿಡಿ, ಬೂಜು ರೋಗ ಅದರಲ್ಲೇ ಉಳಿಯುವುದು.

ಹೈಡ್ರೇಂಜಿಯಾದಲ್ಲಿ ನಾನು ನಾಲ್ಕು ವರ್ಷ ಮೋಸ ಹೋದೆ. ನೀಲಿ ಗೋಳದಂಥ ಹೂ ನೋಡಿ ಅಗಲ ಎಲೆಯ ಜಾತಿ ತಂದೆ. ಗಿಡ ಸಾಯಲಿಲ್ಲ, ವರ್ಷ ವರ್ಷ ದಟ್ಟ ಎಲೆ. ಹೂ ಮಾತ್ರ ಒಂದೂ ಇಲ್ಲ. ಅದು ಹೂಮೊಗ್ಗನ್ನು ಹಿಂದಿನ ವರ್ಷದ ಕಡ್ಡಿಯಲ್ಲಿ ಕಟ್ಟಿಡುತ್ತದೆ. ಬೇರು ಬದುಕಿದರೂ ಕಡ್ಡಿ ಸಾಯುತ್ತದೆ, ಅದರ ಜೊತೆ ಮೊಗ್ಗೂ. ನಮ್ಮ ಚಳಿಗೆ ಹೊಸ ಕಡ್ಡಿಯಲ್ಲಿ ಹೂ ಬಿಡುವ ಜಾತಿ ಬೇಕು. 'ಅನಾಬೆಲ್' ಅನ್ನುವ ಬಿಳಿ ಗುಂಡು ಹೂವಿನದು ಒಂದು. ಇಲಿನಾಯ್ ರಾಜ್ಯದ ಆನಾ ಎಂಬ ಊರಿನ ಬಳಿ ಸಿಕ್ಕಿದ್ದಕ್ಕೆ ಆ ಹೆಸರು. ಇನ್ನೊಂದು 'ಪ್ಯಾನಿಕಲ್' ಜಾತಿ, ಅದರಲ್ಲಿ 'ಲೈಮ್‌ಲೈಟ್' ನನ್ನ ಮೆಚ್ಚಿನದು. ಇವನ್ನು ಏಪ್ರಿಲ್‌ನಲ್ಲಿ ಕತ್ತರಿಸಿದರೂ ಅದೇ ವರ್ಷ ಹೂ ಬರುತ್ತದೆ.

ಗುಲಾಬಿಯಲ್ಲಿ ಎರಡು ದಾರಿ. ಸುಲಭದ್ದು, ಕೆನಡಾದಲ್ಲಿ ಚಳಿಗಾಗಿಯೇ ಬೆಳೆಸಿದ ತಳಿ ನೆಡುವುದು. 'ವಿಲಿಯಂ ಬ್ಯಾಫಿನ್' ಬಳ್ಳಿ ಗುಲಾಬಿ, 'ಮಾರ್ಡನ್ ಬ್ಲಷ್' ಪೊದೆ ಗುಲಾಬಿ. ಹೊದಿಕೆ ಬೇಡ, ಏನೂ ಬೇಡ. ಎರಡನೆಯದು, ಹೂವಿನಂಗಡಿಯಲ್ಲಿ ಸಿಗುವಂಥ ಉದ್ದ ದಂಟಿನ ಟೀ ರೋಸ್ ಬೇಕೇ ಬೇಕು ಅನ್ನುವವರ ದಾರಿ. ಅದಕ್ಕೆ ಇಲ್ಲಿ 'ಮಿನ್ನೆಸೋಟ ಟಿಪ್' ಅಂತ ಹೆಸರು. ಅಕ್ಟೋಬರ್ ಮಧ್ಯದಲ್ಲಿ ಮುಳ್ಳಿನ ಕೊಂಬೆಗಳನ್ನೆಲ್ಲ ದಾರದಲ್ಲಿ ಕಟ್ಟು ಕಟ್ಟುತ್ತಾರೆ. ಗಿಡದ ಒಂದು ಬದಿಗೆ ಅದರ ಎತ್ತರದಷ್ಟೇ ಉದ್ದದ ಕಾಲುವೆ ತೋಡುತ್ತಾರೆ. ಇನ್ನೊಂದು ಬದಿಯ ಬೇರಿನ ಮಣ್ಣನ್ನು ಸಡಿಲಿಸಿ, ಬೇರು ಬಗ್ಗುವ ಹಾಗೆ ಮೆಲ್ಲಗೆ ಗಿಡವನ್ನು ಕಾಲುವೆಯೊಳಗೆ ಮಲಗಿಸುತ್ತಾರೆ. ಕೊಂಬೆ ಬಗ್ಗಿಸಬಾರದು, ಮುರಿಯುತ್ತದೆ. ಮೇಲೆ ಎರಡು ಮೂರು ಇಂಚು ಮಣ್ಣು, ಆಮೇಲೆ ಒಂದಡಿಗೂ ಮೀರಿ ಒಣ ಎಲೆ. ಏಪ್ರಿಲ್ ಮೊದಲಲ್ಲಿ ಸ್ವಲ್ಪ ಸ್ವಲ್ಪ ತೆರೆದು, ಮಧ್ಯದಲ್ಲಿ ಎತ್ತಿ ನಿಲ್ಲಿಸುತ್ತಾರೆ. ನಾನು ಎರಡು ವರ್ಷ ಮಾಡಿದೆ. ಸೊಂಟ ಬೇಡ ಅಂದಿತು, ಈಗ ಬ್ಯಾಫಿನ್ ಒಂದೇ.

ನೆರಳಿಗೆ ಹೋಸ್ಟಾ. ಜಿಂಕೆ ಓಡಾಡುವ ಕಡೆ ಮಾತ್ರ ಬೇಡ, ಅವಕ್ಕದು ಕೋಸಂಬರಿ. ಬಿಸಿಲಿಗೆ ಡೇಲಿಲಿ, ಸೆಡಮ್, ಕೋನ್‌ಫ್ಲವರ್, ಸೈಬೀರಿಯನ್ ಐರಿಸ್, ಕಣ್ಣು ಮುಚ್ಚಿ ಹಾಕಬಹುದು. ಅಜೇಲಿಯಾ ಬೇಕಾದರೆ 'ನಾರ್ದರ್ನ್ ಲೈಟ್ಸ್' ಸಾಲಿನದು ತನ್ನಿ. 1978ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದಿಂದಲೇ ಹೊರಬಂದಿದ್ದು. ಹುಳಿ ಮಣ್ಣು ಬೇಕು, ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಚಳಿಗಾಲ ಇಲ್ಲಿ ಐದು ತಿಂಗಳು. ಆಗ ಕಿಟಕಿಯಿಂದ ಏನು ಕಾಣುತ್ತೆ ಅಂತಲೂ ಯೋಚಿಸಿ. ಕೆಂಪು ಕಡ್ಡಿಯ ಡಾಗ್‌ವುಡ್ ಹಿಮದಲ್ಲಿ ಕುಂಕುಮದ ಗೆರೆ ಎಳೆದ ಹಾಗೆ ನಿಲ್ಲುತ್ತದೆ. 'ಕಾರ್ಲ್ ಫೋರ್ಸ್ಟರ್' ಹುಲ್ಲಿನ ತೆನೆ ಜನವರಿಯಲ್ಲೂ ತಲೆಯಾಡಿಸುತ್ತದೆ.

ಹಂತ 5: ಫಾಲ್ (ಎಲೆ ಉದುರುವ ಕಾಲದ) ಕೆಲಸ

ನಾನು ಮೊದಲು ಏಪ್ರಿಲ್‌ನಲ್ಲಿ ಹುಚ್ಚಿನ ಹಾಗೆ ಕೆಲಸ ಮಾಡಿ, ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿ ಕೂರುತ್ತಿದ್ದೆ. ಈಗ ಉಲ್ಟಾ.

ಅಕ್ಟೋಬರ್‌ನಲ್ಲಿ ಬಲ್ಬ್, ಅಂದರೆ ಈರುಳ್ಳಿಯಂಥ ಹೂಗಡ್ಡೆ, ನೆಡಿ. ಟ್ಯೂಲಿಪ್, ಡ್ಯಾಫೊಡಿಲ್ ಆರರಿಂದ ಎಂಟು ಇಂಚು ಆಳ. ಟ್ಯೂಲಿಪ್ ಅನ್ನು ಅಳಿಲು ತೋಡಿ ತಿನ್ನುತ್ತದೆ, ಮೇಲೊಂದು ತಂತಿ ಬಲೆ ಹಾಸಿ ಮಣ್ಣು ಮುಚ್ಚಿ. ಡ್ಯಾಫೊಡಿಲ್ ವಿಷ, ಅದನ್ನು ಯಾವ ಪ್ರಾಣಿಯೂ ಮುಟ್ಟುವುದಿಲ್ಲ.

ಸದಾ ಹಸಿರಾಗಿರುವ ಆರ್ಬರ್‌ವೈಟೆ, ಸ್ಪ್ರೂಸ್ ಗಿಡಗಳಿಗೆ ನೆಲ ಹೆಪ್ಪುಗಟ್ಟುವವರೆಗೂ ನೀರು ಹಾಕಿ. ಫೆಬ್ರವರಿ, ಮಾರ್ಚ್ ಬಿಸಿಲಿಗೆ ಅವುಗಳ ಎಲೆಯಿಂದ ನೀರು ಆರುತ್ತದೆ, ಬೇರಿನ ಸುತ್ತ ಕಲ್ಲಿನಂಥ ಮಣ್ಣು, ಕುಡಿಯಲು ನೀರಿಲ್ಲ. ವಸಂತದಲ್ಲಿ ಒಂದು ಬದಿ ಕಂದಾಗಿ ಕಾಣುವುದು ಇದಕ್ಕೇ. ಹೊಸ ಗಿಡವಾದರೆ ದಕ್ಷಿಣ ಮತ್ತು ಪಶ್ಚಿಮಕ್ಕೆ ಗೂಟ ನೆಟ್ಟು ಗೋಣಿತಾಟಿನ ಪರದೆ ಕಟ್ಟಿ. ಗಿಡಕ್ಕೆ ತಾಗಿಸಬೇಡಿ.

ಎಳೆ ಮೇಪಲ್‌ನಂಥ ಮರಗಳ ಕಾಂಡಕ್ಕೆ ಬಿಳಿ ಸುತ್ತು. ಬಿಸಿಲಿಗೆ ತೊಗಟೆ ಬೆಚ್ಚಗಾಗಿ, ಸೂರ್ಯ ಮುಳುಗಿದ ತಕ್ಷಣ ಹೆಪ್ಪುಗಟ್ಟಿ ಸೀಳುತ್ತದೆ. ನವೆಂಬರ್‌ನಲ್ಲಿ ಸುತ್ತಿ, ಏಪ್ರಿಲ್‌ನಲ್ಲಿ ಬಿಚ್ಚಿ. ಬಿಚ್ಚಲು ಮರೆಯಬಾರದು.

ಮೊಲಕ್ಕೆ ತಂತಿ ಬಲೆ. ಕಾಲಿಂಚು ಕಣ್ಣಿನ ಬಲೆಯಾದರೆ ಹಿಮದಡಿ ಓಡಾಡಿ ತೊಗಟೆ ಕೆರೆಯುವ ಹೊಲದಿಲಿಯೂ ನುಗ್ಗುವುದಿಲ್ಲ. ಎರಡು ಇಂಚು ಮಣ್ಣಿನೊಳಗೆ ಇಳಿಸಿ. ಎತ್ತರದಲ್ಲಿ ಎಲ್ಲರೂ ಎಡವುತ್ತಾರೆ. ನಾನು ಎರಡಡಿ ಬಲೆ ಹಾಕಿ ನಿಶ್ಚಿಂತೆಯಾಗಿದ್ದೆ. ಒಂದೂವರೆ ಅಡಿ ಹಿಮ ಬಿತ್ತು. ಮೊಲ ಆ ಹಿಮದ ಮೇಲೆ ನಿಂತು ಆರಾಮಾಗಿ ಕೊಂಬೆ ತಿಂದುಹೋಯಿತು. ಕತ್ತರಿಯಲ್ಲಿ ಕೊಯ್ದಂತೆ ಓರೆಯಾದ ಗಾಯ. ಹಿಮದ ಎತ್ತರ ಕೂಡಿಸಿ, ಅದರ ಮೇಲೆ ಎರಡಡಿ ಲೆಕ್ಕ ಹಾಕಿ.

ಕೊನೆಯದು ಹೊದಿಕೆ. ಇದರಲ್ಲಿ ಹೊಸಬರು ಅವಸರ ಮಾಡುತ್ತಾರೆ. ಚಳಿ ಶುರುವಾದ ಕೂಡಲೇ ಎಲೆ ಮುಚ್ಚಿದರೆ ಕೆಳಗೆ ಬೆಚ್ಚಗಿದ್ದು ಗಿಡ ಮಲಗುವುದೇ ಇಲ್ಲ, ಇಲಿ ಬಂದು ಮನೆ ಮಾಡುತ್ತದೆ. ಮಣ್ಣು ಎರಡು ಇಂಚು ಗಟ್ಟಿಯಾಗುವವರೆಗೆ ಕಾಯಿರಿ. ಇಲ್ಲಿ ಅದು ಸಾಮಾನ್ಯವಾಗಿ ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸು. ಆಮೇಲೆ ನಾಲ್ಕಾರು ಇಂಚು ಒಣಹುಲ್ಲು ಅಥವಾ ಎಲೆ. ಈ ಹೊದಿಕೆ ಮಣ್ಣನ್ನು ಬೆಚ್ಚಗಿಡಲಿಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಅಸಲಿಗೆ ಅದು ಹೆಪ್ಪುಗಟ್ಟಿದ ಮಣ್ಣು ಹಾಗೇ ಇರಲಿ ಅಂತ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಆಟ ನಡೆದರೆ ಮಣ್ಣು ಉಬ್ಬಿ ಉಬ್ಬಿ ಗಿಡವನ್ನು ಬೇರು ಸಮೇತ ಮೇಲೆ ತಳ್ಳುತ್ತದೆ. ಈ ಶಕ್ತಿಗೆ ಹೆದರಿಯೇ ಮಿನ್ನೆಸೋಟದ ದಕ್ಷಿಣ ಭಾಗದಲ್ಲಿ ಮನೆಯ ಪಾಯವನ್ನು 42 ಇಂಚು ಆಳಕ್ಕೆ ಇಳಿಸಬೇಕು ಅಂತ ಕಟ್ಟಡದ ನಿಯಮ ಇದೆ. ಪುಟ್ಟ ಸೇವಂತಿಗೆ ಯಾವ ಲೆಕ್ಕ? ಹೊಸದಾಗಿ ನೆಟ್ಟ ಗಿಡಗಳಿಗೆ ಹೊದಿಕೆ ತಪ್ಪಿಸಬೇಡಿ. ನಾಲ್ಕು ವರ್ಷದ ಹಳೆ ಗಿಡಕ್ಕೆ ನಾನು ಹಾಕುವುದಿಲ್ಲ.

ಗೆಳೆಯರ ಮನೆಯಿಂದ ಗಿಡ ತರುವುದಿದ್ದರೆ ಬೇರಿನ ಮಣ್ಣು ಪೂರ್ತಿ ತೊಳೆದು ತನ್ನಿ. ಜಂಪಿಂಗ್ ವರ್ಮ್ ಅನ್ನುವ ಹೊರಗಿನ ಎರೆಹುಳು ಇಲ್ಲಿ ಹರಡುತ್ತಿದೆ. ಮೇಲ್ಮಣ್ಣನ್ನು ಕಾಫಿ ಗಸಿಯ ಹಾಗೆ ಮಾಡಿಬಿಡುತ್ತದೆ. ನಮ್ಮವರಲ್ಲಿ ಗಿಡ ಕೊಟ್ಟು ತೆಗೆದುಕೊಳ್ಳುವುದು ಜಾಸ್ತಿ, ಅದಕ್ಕೆ ಹೇಳಿದೆ.

ಹಂತ 6: ವಸಂತದಲ್ಲಿ ಕೈ ಕಟ್ಟಿ ಕೂರುವುದು

ಏಪ್ರಿಲ್ ಮಧ್ಯಕ್ಕೆ ಹೊದಿಕೆಯನ್ನು ಒಂದೇ ಸಲ ಎಳೆಯದೆ ಎರಡು ಮೂರು ಸಲಕ್ಕೆ ಸರಿಸಿ. ಮೇ ಎರಡನೇ ವಾರದವರೆಗೂ ರಾತ್ರಿ ಫ್ರಾಸ್ಟ್ (ಹೆಪ್ಪುಗಟ್ಟುವ ಇಬ್ಬನಿ) ಬೀಳಬಹುದು. ಎಳೆ ಚಿಗುರಿದ್ದರೆ ಅಂಥ ರಾತ್ರಿ ಹಳೆ ಬೆಡ್‌ಶೀಟ್ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ಬೇಡ. ಒಣ ದಂಟುಗಳನ್ನು ಕತ್ತರಿಸುವಾಗ ಒಂದಡಿ ಮೋಟು ಬಿಡಿ. ಅದರ ಟೊಳ್ಳಿನಲ್ಲಿ ಕಾಡುಜೇನುಗಳು ಗೂಡು ಮಾಡುತ್ತವೆ.

ಪೊದೆ ಸತ್ತಿದೆಯಾ ಬದುಕಿದೆಯಾ ಅನ್ನುವ ಅನುಮಾನ ಬಂದರೆ ಉಗುರಿನಿಂದ ತೊಗಟೆಯನ್ನು ಒಂದು ಚೂರು ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದು, ಒಣಗಿದ್ದರೆ ಇನ್ನೂ ಕೆಳಗೆ ಕೆರೆದು ನೋಡಿ. ಹಸಿರು ಸಿಗುವ ಕಡೆಗೆ ಕತ್ತರಿಸಿ.

ದಾಸವಾಳಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಕಡ್ಡಿ ಯಾವಾಗಲೂ ಸತ್ತೇ ಇರುತ್ತದೆ. ಅದಕ್ಕೇ ಆ ಕಡ್ಡಿಗಳನ್ನು ನಾನು ಪೂರ್ತಿ ಕತ್ತರಿಸುವುದಿಲ್ಲ, ಜಾಗ ತಿಳಿಯಲಿ ಅಂತ ಅರ್ಧ ಅಡಿ ಬಿಟ್ಟು ಕೆಂಪು ದಾರ ಕಟ್ಟುತ್ತೇನೆ. ಅವತ್ತು ಎರಡು ಹೋಳಾದ ಬುಡವನ್ನು ಪಶ್ಚಾತ್ತಾಪಕ್ಕೆ ಬೇರೆ ಬೇರೆ ಕಡೆ ನೆಟ್ಟಿದ್ದೆ. ಒಂದು ಹೋಯಿತು, ಇನ್ನೊಂದು ಈಗ ನನ್ನ ಎದೆಯೆತ್ತರ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಅದು ಮೊಳೆತ ದಿನಗಳಿವೆ: ಬೇಗ ಅಂದರೆ ಮೇ 27, ತಡ ಅಂದರೆ ಜೂನ್ 12. ಜೂನ್ 20ರವರೆಗೆ ಆ ಪಾತಿಯ ಹತ್ತಿರ ಸಲಿಕೆ ತರುವುದಿಲ್ಲ.